ಕೋಡಿನ ಅಂಚಿನ ಬಾಕಿ ಲೆಕ್ಕ

1969ರ ಜುಲೈಯಲ್ಲಿ ಚಂದ್ರನ ಮೇಲಿಳಿದ ಅಪೊಲೊ 11ರ ಲ್ಯಾಂಡರನ್ನು ನಡೆಸಿದ ಪ್ರೋಗ್ರಾಮಿನ ಹೆಸರು ಲೂಮಿನರಿ. ಎಂಐಟಿಯ ಇನ್‌ಸ್ಟ್ರುಮೆಂಟೇಶನ್ ಲ್ಯಾಬೊರೇಟರಿಯಲ್ಲಿ ಮಾರ್ಗರೆಟ್ ಹ್ಯಾಮಿಲ್ಟನ್ ಅವರ ತಂಡ ಬರೆದದ್ದು. ಹಳೆಯ ಪ್ರಿಂಟ್‌ಔಟ್‌ಗಳನ್ನು ಸ್ಕ್ಯಾನ್ ಮಾಡಿ, ಮತ್ತೆ ಟೈಪಿಸಿ, ಈಗ ಯಾರು ಬೇಕಾದರೂ ಓದುವಂತೆ ಇಟ್ಟಿದ್ದಾರೆ. ಇಳಿಯುವ ಲೆಕ್ಕಾಚಾರದ ಭಾಗದಲ್ಲಿ ಒಂದರ ಕೆಳಗೊಂದು ಎರಡು ಸಾಲು ಸಿಗುತ್ತವೆ. ಎರಡರ ಪಕ್ಕದಲ್ಲೂ ಒಂದೇ ಟಿಪ್ಪಣಿ: ಇದು ತಾತ್ಕಾಲಿಕ, ಹಾಗಂತ ಆಸೆ, ಆಸೆ, ಆಸೆ. ಆ ತಾತ್ಕಾಲಿಕ ಸಾಲುಗಳು ಹಾಗೇ ಚಂದ್ರನವರೆಗೂ ಹೋದವು. ಟಿಪ್ಪಣಿ ಮಾತ್ರ ಕಾಗದದಲ್ಲೇ ಉಳಿಯಿತು. ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಅಸೆಂಬ್ಲರ್ ಆದೇಶಗಳನ್ನಷ್ಟೇ ತೆಗೆದುಕೊಳ್ಳುತ್ತದೆ. ಅವುಗಳ ಸೊನ್ನೆ-ಒಂದುಗಳನ್ನು ರೇಥಿಯಾನ್ ಕಾರ್ಖಾನೆಯ ಹೆಂಗಸರು ತಂತಿಯಲ್ಲಿ ಕೈಯಾರೆ ಹೆಣೆದು ಮೆಮೊರಿ ಮಾಡುತ್ತಿದ್ದರು.

ನಾನು ಕೆಲಸಕ್ಕೆ ಸೇರಿದ್ದು ವೈಟೂಕೆ ಕಾಲದಲ್ಲಿ. ಎರಡಂಕಿಯ ಇಸವಿಗಳನ್ನು ನಾಲ್ಕಂಕಿ ಮಾಡುವ ಕೆಲಸ ಅಮೆರಿಕದಿಂದ ಬೆಂಗಳೂರಿಗೆ ಹರಿದು ಬರುತ್ತಿತ್ತು. ಎದುರಿಗೆ ಕಪ್ಪು ಪರದೆ, ಹಸಿರು ಅಕ್ಷರ, ಯಾರೋ ಯಾವಾಗಲೋ ಬರೆದಿಟ್ಟ ಕೋಬಾಲ್. ಏಳನೇ ಕಾಲಂನಲ್ಲಿ ನಕ್ಷತ್ರ ಚಿಹ್ನೆ ಇದ್ದರೆ ಆ ಸಾಲು ಕಾಮೆಂಟ್, ಅಂದರೆ ಬರೀ ಟಿಪ್ಪಣಿ. ಒಂದು ಕಡೆ ‘ಇಯರ್ ಎಂಡ್ ಮುಗಿದ ಮೇಲೆ ತೆಗೆಯಬೇಕು’ ಅಂತಿತ್ತು, ಪಕ್ಕದಲ್ಲಿ ಮೂರಕ್ಷರದ ಇನಿಷಿಯಲ್. ಯಾವ ವರ್ಷದ ಇಯರ್ ಎಂಡೋ ಬರೆದಿರಲಿಲ್ಲ. ಆ ಇನಿಷಿಯಲ್ಲಿನ ಮನುಷ್ಯ ರಿಟೈರ್ ಆಗಿ ಎಷ್ಟು ಕಾಲವಾಗಿತ್ತೋ! ಇಂಥವನ್ನು ಹುಡುಕಲು ಐಎಸ್‌ಪಿಎಫ್ ಮೆನುವಿನಲ್ಲಿ 3.14 ಒತ್ತಿ, ಪದ ಕೊಟ್ಟು, ಬಂದ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸುವುದು ನಮ್ಮಂಥ ಹೊಸಬರ ಪಾಲಿನ ಕೆಲಸ. ಸೋಮವಾರ ಟೀಮ್ ಲೀಡ್ ಮುಂದೆ ಆ ಶೀಟ್ ಓದಬೇಕು. ಬುಧವಾರದ ಹೊತ್ತಿಗೆ ಕೋಡ್ ಬದಲಾಗಿ ಶೀಟಿನ ಸಾಲು ಸಂಖ್ಯೆಗಳೆಲ್ಲ ತಪ್ಪು. ಕಾಮೆಂಟನ್ನು ಟಾಸ್ಕ್ ಮಾಡುವ ಉಸಾಬರಿ ಆಗಲೂ ಇತ್ತು, ಈಗಿನ ಮೆಷಿನ್ ಜಾಗದಲ್ಲಿ ನಾವಿದ್ದೆವು.

ಮೆಷಿನ್ ಓದಬೇಕಾದರೆ ಮೊದಲು ಎಲ್ಲರೂ ಒಂದೇ ಥರ ಬರೆಯಬೇಕು. ಅದು ಯಾರ ಅಪ್ಪಣೆಯೂ ಇಲ್ಲದೆ ತಾನಾಗಿ ರೂಢಿಗೆ ಬಂತು: ಬಾಕಿ ಕೆಲಸದ ಟಿಪ್ಪಣಿಗೆ ದೊಡ್ಡಕ್ಷರದಲ್ಲಿ ಟುಡು, ಫಿಕ್ಸ್‌ಮಿ, ಹ್ಯಾಕ್, ಮೂರು ಎಕ್ಸ್. 1999ರಲ್ಲಿ ಸನ್ ಕಂಪನಿ ಜಾವಾ ಬರೆಯುವವರಿಗೆ ಕೊಟ್ಟ ನಿಯಮಾವಳಿಯಲ್ಲಿ ಇದಕ್ಕೊಂದು ಚಂದದ ವಿಂಗಡಣೆ ಇದೆ. ಕೆಟ್ಟದಾಗಿದ್ದೂ ಕೆಲಸ ಮಾಡುವ ಕೋಡಿಗೆ ಮೂರು ಎಕ್ಸ್. ಕೆಟ್ಟದ್ದೂ ಹೌದು, ಕೆಲಸವೂ ಮಾಡದು ಅಂದರೆ ಫಿಕ್ಸ್‌ಮಿ. ನನ್ನ ಅನುಭವದಲ್ಲಿ ಲೋಕ ನಡೆಯುತ್ತಿರುವುದು ಮೂರು ಎಕ್ಸ್ ಮೇಲೆ. ವಿಮ್ ಎಡಿಟರ್ ಈ ಪದಗಳಿಗೆ ಹಳದಿ ಬಣ್ಣ ಬಳಿಯಿತು. 2003ರಲ್ಲಿ ಬಂದ ಎಕ್ಲಿಪ್ಸ್ 2.1 ಒಂದು ಹೆಜ್ಜೆ ಮುಂದೆ ಹೋಗಿ, ಜಾವಾ ಕಂಪೈಲ್ ಮಾಡುವಾಗಲೇ ಟುಡುಗಳನ್ನು ಆರಿಸಿ ಟಾಸ್ಕ್ ಪಟ್ಟಿಗೆ ಹಾಕತೊಡಗಿತು. ಮೈಕ್ರೋಸಾಫ್ಟಿನ ವಿಷುವಲ್ ಸ್ಟುಡಿಯೋದಲ್ಲೂ ಇಂಥದೇ ಪಟ್ಟಿ. ಆದರೆ ಅದು ಅವರವರ ಪರದೆಯಲ್ಲಷ್ಟೇ ಕಾಣುವ ಪಟ್ಟಿ. ಪಕ್ಕದ ಕ್ಯುಬಿಕಲ್‌ನವರಿಗೂ ಗೊತ್ತಾಗುತ್ತಿರಲಿಲ್ಲ, ಮ್ಯಾನೇಜರಿಗಂತೂ ಇಲ್ಲವೇ ಇಲ್ಲ.

ಮ್ಯಾನೇಜರರ ಪುಸ್ತಕ ಬೇರೆಯೇ ಇತ್ತು, ಒಂದೊಂದು ಬಾಕಿ ಕೆಲಸಕ್ಕೂ ಒಂದೊಂದು ಟಿಕೆಟ್ ತೆರೆಯುವ ತಂತ್ರಾಂಶ. 1998ರಲ್ಲಿ ನೆಟ್‌ಸ್ಕೇಪ್‌ನ ಟೆರಿ ವೈಸ್‌ಮನ್ ಬರೆದ ಬಗ್‌ಜಿಲ್ಲಾ, 2002ರಲ್ಲಿ ಬಂದ ಜಿರಾ, 2009ರಲ್ಲಿ ಗಿಟ್‌ಹಬ್‌ನ ಇಶ್ಯೂಸ್. ಹೀಗೆ ಒಂದೇ ಕೆಲಸಕ್ಕೆ ಎರಡು ಲೆಕ್ಕ ನಡೆಯತೊಡಗಿದವು, ಕಿರಾಣಿ ಅಂಗಡಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಬಾಕಿ ಒಂದು, ಖಾತೆ ಪುಸ್ತಕದ್ದು ಇನ್ನೊಂದು ಎಂಬಂತೆ. ಎರಡೂ ತಾಳೆಯಾಗುವುದು ಅಪರೂಪ. ಮಾರ್ಗರೆಟ್-ಆ್ಯನ್ ಸ್ಟೋರಿ ಮತ್ತು ಸಂಗಡಿಗರು 2008ರಲ್ಲಿ ಒಂದು ಸಂಶೋಧನಾ ಪ್ರಬಂಧಕ್ಕೆ ಈ ಗೊಂದಲವನ್ನೇ ಶೀರ್ಷಿಕೆ ಮಾಡಿಕೊಂಡರು: ಟುಡು ಬರೆಯುವುದೋ, ಬಗ್ ಹಾಕುವುದೋ?

ಸೀಮೆಸುಣ್ಣದ ಬಾಕಿ ಎಷ್ಟಿದೆ ಎಂದು ಎಣಿಸಿದವರು ಅನಿಕೇತ್ ಪೋತದಾರ್ ಮತ್ತು ಎಮಾದ್ ಶಿಹಾಬ್, 2014ರಲ್ಲಿ. ಎಕ್ಲಿಪ್ಸ್, ಕ್ರೋಮಿಯಂ ಓಎಸ್, ಅಪಾಚೆ, ಆರ್ಗೋಯುಎಂಎಲ್ ಎಂಬ ನಾಲ್ಕು ಪ್ರಾಜೆಕ್ಟುಗಳ ಒಂದು ಲಕ್ಷಕ್ಕೂ ಮೀರಿದ ಕಾಮೆಂಟುಗಳನ್ನು ಓದಿ ನೋಡಿದರು. ಬರೆದವರೇ ತಪ್ಪೊಪ್ಪಿಕೊಂಡ ಕಾಮೆಂಟುಗಳು ಪ್ರಾಜೆಕ್ಟಿಗೆ ತಕ್ಕಂತೆ ಶೇ. 2.4ರಿಂದ ಶೇ. 31ರಷ್ಟು ಫೈಲುಗಳಲ್ಲಿ ಸಿಕ್ಕವು. ಅವುಗಳಲ್ಲಿ ಮುಂದೆ ತೆಗೆದುಹಾಕಿದ್ದು ಶೇ. 26.3ರಿಂದ ಶೇ. 63.5ರಷ್ಟು ಮಾತ್ರ. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಅಂಕಿ: ಜನ ಹೀಗೆ ಒಪ್ಪಿಕೊಳ್ಳುವ 62 ಬಗೆಗಳನ್ನು ಅವರು ಪಟ್ಟಿ ಮಾಡಿದರು. ಟುಡು ಎಂಬ ಒಂದೇ ಪದ ಹುಡುಕುವ ಯಂತ್ರಕ್ಕೆ ಇಂಥವು ಕಣ್ಣಿಗೇ ಬೀಳವು. ಚಂದ್ರನ ಪ್ರೋಗ್ರಾಮಿನ ಆ ಆಸೆಯೂ ಬೀಳುತ್ತಿರಲಿಲ್ಲ.

ಎರಡು ಲೆಕ್ಕವನ್ನು ಹೊಲಿಯಲು ಹಟ ತೊಟ್ಟವರಲ್ಲಿ ಯೆಗೋರ್ ಬುಗಾಯೆಂಕೊ ಒಬ್ಬರು. ಕೊಟ್ಟ ಸಮಯದಲ್ಲಿ ಕೆಲಸ ಮುಗಿಯದಿದ್ದರೆ ಆದಷ್ಟನ್ನೇ ಒಪ್ಪಿಸು, ಉಳಿದದ್ದನ್ನು ಅಲ್ಲೇ ಟುಡು ಎಂದು ಬರೆ, ಮೂಲ ಟಿಕೆಟ್ಟಿನ ನಂಬರ್ ಹಾಕು ಎಂಬುದು ಅವರ ಪದ್ಧತಿ. ಅವರ ರೋಬಾಟ್ ಅದನ್ನು ಓದಿ ಹೊಸ ಟಿಕೆಟ್ ತೆರೆಯುತ್ತದೆ. ಟುಡು ಅಳಿಸಿದರೆ ಟಿಕೆಟ್ ಮುಚ್ಚುತ್ತದೆ. ಆಮೇಲೆ 2019ರ ನವೆಂಬರಿನಲ್ಲಿ, ಕೋಡ್ ಬದಲಾದಾಗ ತಾನಾಗಿ ಕೆಲಸ ನಡೆಸುವ ಗಿಟ್‌ಹಬ್ ಆಕ್ಷನ್ಸ್ ಎಲ್ಲರಿಗೂ ಸಿಕ್ಕಿತು, ಇಂಥ ಕೆಲಸ ಮಾಡುವ ಸಲಕರಣೆಗಳು ಕೈಗೆ ಸುಲಭವಾದವು. ಅವುಗಳ ಒಳಗುಟ್ಟು ತೀರ ಸರಳ. ಕೋಡ್ ಪುಶ್ ಮಾಡಿದಾಗ ಹಳತು-ಹೊಸತರ ವ್ಯತ್ಯಾಸವನ್ನಷ್ಟೇ ಓದುತ್ತವೆ. ಪ್ಲಸ್ ಚಿಹ್ನೆಯ ಸಾಲಿನಲ್ಲಿ ಟುಡು ಕಂಡರೆ ಟಿಕೆಟ್ ತೆರೆ, ಮೈನಸ್ ಸಾಲಿನಲ್ಲಿ ಕಂಡರೆ ಮುಚ್ಚು. ಕೆಲವು ಆ ಟಿಕೆಟ್ಟಿನ ಕೊಂಡಿಯನ್ನು ತಿರುಗಿ ಕಾಮೆಂಟಿನೊಳಗೇ ಬರೆದಿಡುತ್ತವೆ. ನನ್ನ ಹಳೇ ಎಕ್ಸೆಲ್ ಶೀಟಿಗೆ ಇಲ್ಲದಿದ್ದದ್ದು ಇದೇ. ಫಜೀತಿಯೂ ಇಲ್ಲೇ ಹುಟ್ಟುತ್ತದೆ: ಯಾರೋ ಒಂದು ಫಂಕ್ಷನ್ನನ್ನು ಈ ಫೈಲಿನಿಂದ ಆ ಫೈಲಿಗೆ ಎತ್ತಿಟ್ಟರೆ ಹಳೆಯ ಟಿಕೆಟ್ ಮುಚ್ಚಿ, ಅದೇ ಕೆಲಸಕ್ಕೆ ಹೊಸದು ತೆರೆದುಕೊಂಡುಬಿಡಬಹುದು. ಹಳೆಯದರಡಿ ನಡೆದ ಚರ್ಚೆಯೆಲ್ಲ ಅಲ್ಲೇ ಬಿದ್ದಿರುತ್ತದೆ.

ಹೆಸರಿನದ್ದು ಇನ್ನೊಂದು ತಕರಾರು. ಗೂಗಲ್‌ನ ನಿಯಮಾವಳಿ ಟುಡು ಪಕ್ಕ ಹೆಸರು ಬರೆಯಿಸುತ್ತಿತ್ತು, ಹಾಗೆ ಬರೆದ ಮಾತ್ರಕ್ಕೆ ಅವರೇ ಮಾಡುತ್ತಾರೆಂಬ ಭರವಸೆ ಅಲ್ಲ ಎಂದೂ ಹೇಳುತ್ತಿತ್ತು. ವಿಷಯ ಬಲ್ಲವರು ಯಾರು ಎಂದು ತಿಳಿದರೆ ಸಾಕಿತ್ತು. ಈಗಿನ ಸಲಕರಣೆಗಳಲ್ಲಿ ಟುಡು ಕೆಳಗೆ ಅಸೈನೀ ಎಂದು ಹೆಸರು ಹಾಕಿದರೆ ಟಿಕೆಟ್ ನೇರ ಅವರ ತಲೆಗೆ.

ನಮ್ಮ ತಂಡದಲ್ಲಿ ಇಂಥದೊಂದು ರೋಬಾಟನ್ನು ಹಾಕಿದ ಮೊದಲ ವಾರಗಳಲ್ಲೇ ಹುಡುಗರು ಟುಡು ಬರೆಯುವುದು ಬಿಟ್ಟರು. ಕೋಡ್ ರಿವ್ಯೂನಲ್ಲಿ ನೋಡಿದರೆ ಎಲ್ಲೆಲ್ಲೂ ‘ನೋಟ್’. ಬಾಕಿ ಕೆಲಸ ಅದೇ, ಟಿಕೆಟ್ ಮಾತ್ರ ಆಗುವುದಿಲ್ಲ. ಒಬ್ಬಳು ಬಾಯಿಬಿಟ್ಟೇ ಹೇಳಿದಳು: “ಮೇಡಂ, ನೆನಪಿಗೆ ಅಂತ ಬರ್ಕೊಂಡಿದ್ದು. ಅದಕ್ಕೂ ಡ್ಯೂ ಡೇಟ್ ಕೇಳಿದ್ರೆ ಹೇಗೆ?” ಅವಳು ಹೇಳಿದ್ದರಲ್ಲಿ ನ್ಯಾಯವಿತ್ತು. ಮುಖ್ಯ ಬ್ರಾಂಚಿಗೆ ಸೇರುವ ಕೋಡನ್ನಷ್ಟೇ ರೋಬಾಟ್ ಓದುವಂತೆ ಬದಲಿಸಿದೆವು. ಡ್ಯೂ ಡೇಟ್ ಕಾಲಂ ತೆಗೆಸಲು ಮ್ಯಾನೇಜರ್ ಜೊತೆ ಜಗ್ಗಾಡಬೇಕಾಯಿತು. ಸ್ವಂತ ಬ್ರಾಂಚಿನಲ್ಲಿ ಅವಳೀಗ ಧಾರಾಳವಾಗಿ ಟುಡು ಬರೆಯುತ್ತಾಳೆ, ಮರ್ಜ್ ಮಾಡುವ ಮುಂಚೆ ಅರ್ಧದಷ್ಟನ್ನು ತಾನೇ ಮುಗಿಸಿ ಅಳಿಸುತ್ತಾಳೆ.