ವಿದ್ಯಾವಂತನಾರು? – ಹಳಕಟ್ಟಿಯವರ ಬಾಳಿನಿಂದ ಒಂದು ವಿಚಾರ



ಬಾಗಲಕೋಟೆಯ ಸಮೀಪದ ಶಿರೂರು ಹಳೆಯ ಊರು. ಅಲ್ಲಿ ಪುರಾತನ ದೇವಾಲಯಗಳುಂಟು, ಶಿಲಾಶಾಸನಗಳುಂಟು. ನಮ್ಮ ಸೀಮೆಯ ಇಂಥ ಊರುಗಳಲ್ಲಿ ಶಾಸನದ ಕಲ್ಲಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಕೈಮುಗಿದು ಹೋಗುವವರನ್ನು ತಾವೂ ಕಂಡಿರಬಹುದು. ಹಿರಿಯರು ಆ ಕಲ್ಲಿನ ಮೇಲೆ ಏನನ್ನು ಬರೆಯಿಸಿದರೆಂದು ಕೇಳಿದರೆ ಕೈಮುಗಿದವರಿಗೂ ತಿಳಿಯದು. ಪದವಿ ಪಡೆದು ಅದೇ ಹಾದಿಯಲ್ಲಿ ತಿರುಗಾಡುವ ನಮಗೂ ತಿಳಿಯದು. ಹಾಗಾದರೆ ನಮ್ಮಿಬ್ಬರಲ್ಲಿ ವಿದ್ಯಾವಂತನಾರು?

ಈ ಪ್ರಶ್ನೆಗೆ ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುಂಚೆ ಶಿರೂರು, ಬಾದಾಮಿ, ಹುನಗುಂದಗಳೆಲ್ಲವೂ ವಿಜಾಪುರ ಜಿಲ್ಲೆಗೆ ಸೇರಿದ್ದವು. ಆ ಜಿಲ್ಲೆಯ ಕೇಂದ್ರದಲ್ಲಿ ವಕೀಲಿ ವೃತ್ತಿ ಮಾಡಿಕೊಂಡಿದ್ದವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಜನಿಸಿ, ಮುಂಬಯಿಯಲ್ಲಿ ಓದಿ, 1904ರಲ್ಲಿ ಕಾನೂನು ಪದವಿ ಪಡೆದರು. ಹಳ್ಳಿಗಳಲ್ಲಿ ಅಕ್ಷರ ಬಲ್ಲವರೇ ವಿರಳವಾಗಿದ್ದ ಆ ಕಾಲದಲ್ಲಿ ಅಂಥ ಪದವೀಧರನಿಗೆ ಸಂಪತ್ತಿನ ಬಾಗಿಲು ತಾನಾಗಿಯೇ ತೆರೆದಿರುತ್ತಿತ್ತು.

ಹಳಕಟ್ಟಿಯವರ ಕಣ್ಣು ಬಿದ್ದದ್ದು ಬೇರೊಂದು ಸಂಪತ್ತಿನ ಮೇಲೆ. ರಬಕವಿಯ ಒಂದು ಮನೆಯಲ್ಲಿ ಅವರಿಗೆ ವಚನಗಳ ಓಲೆಗರಿಯ ಕಟ್ಟು ದೊರೆಯಿತು. ಆಗಿನ ನಮ್ಮ ಮನೆಮಠಗಳಲ್ಲಿ ಅಂಥ ಕಟ್ಟುಗಳು ಇರಲಿಲ್ಲವೆಂದಲ್ಲ, ಇದ್ದವು. ಬಟ್ಟೆಯಲ್ಲಿ ಸುತ್ತಿ, ಜಗಲಿಯ ಮೇಲಿರಿಸಿ, ವಿಭೂತಿ ಪತ್ರಿಗಳಿಂದ ಪೂಜಿಸುತ್ತಿದ್ದರು. ಬಿಚ್ಚಿ ಓದುವವರು ಮಾತ್ರ ಅಪರೂಪ. ಆ ಭಕ್ತಿಯನ್ನು ಹಗುರಾಗಿ ಕಾಣುವುದು ನನ್ನ ಉದ್ದೇಶವಲ್ಲ. ಅಷ್ಟಾದರೂ ಭಕ್ತಿ ಇರದಿದ್ದರೆ ಆ ಗರಿಗಳು ಎಂದೋ ಒಲೆಯ ಪಾಲಾಗುತ್ತಿದ್ದವು. ಆದರೆ ಕಾಪಾಡುವುದು ಬೇರೆ, ಅರಿಯುವುದು ಬೇರೆ.

ಓಲೆಗರಿಯನ್ನು ಓದುವ ಕಷ್ಟವನ್ನು ಓದಿದವನೇ ಬಲ್ಲ. ಪದಪದಗಳ ನಡುವೆ ತೆರವಿಲ್ಲ, ವಿರಾಮಚಿಹ್ನೆಗಳಿಲ್ಲ. ಒಬ್ಬ ಲಿಪಿಕಾರ ಮಾಡಿದ ತಪ್ಪನ್ನು ಮುಂದಿನವನು ಹಾಗೆಯೇ ಇಳಿಸಿಕೊಂಡಿರುತ್ತಾನೆ. ಅಂಕಿತವನ್ನು ಹಿಡಿದು ವಚನಕಾರನನ್ನು ಗುರುತಿಸಬೇಕು. ಒಂದು ಪ್ರತಿಯನ್ನು ಇನ್ನೊಂದರೊಡನೆ ಹೋಲಿಸಬೇಕು. ಸಾಕ್ಷಿಗಳ ಮಾತನ್ನು ತೂಗಿ ನೋಡುವ ವಕೀಲನ ಅಭ್ಯಾಸ ಇಲ್ಲಿ ಅವರಿಗೆ ನೆರವಾಗಿರಬೇಕೆಂದು ನನಗೆ ತೋರುತ್ತದೆ. ವರ್ಷಾನುವರ್ಷಗಳ ಈ ದುಡಿಮೆಯ ಫಲವಾಗಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬೆಳಕು ಕಂಡಿತು. ಮುಂದೆ ತಮ್ಮದೇ ಮುದ್ರಣಾಲಯಕ್ಕಾಗಿ ಅವರು ಇದ್ದ ಮನೆಯನ್ನೇ ಮಾರಿದರು. 1925ರಲ್ಲಿ 'ಹಿತಚಿಂತಕ' ಮುದ್ರಣಾಲಯ, 1926ರಲ್ಲಿ 'ಶಿವಾನುಭವ' ಪತ್ರಿಕೆ. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿಯೂ ಬಂದಿತು. ಮುದ್ರಣಾಲಯದ ಒಡೆಯರು ಬಾಡಿಗೆಯ ಮನೆಯಲ್ಲಿಯೇ ಉಳಿದರು.

ಇಷ್ಟು ಶ್ರಮಪಟ್ಟು ಅವರು ಓದಿದ್ದು ಯಾರ ಮಾತನ್ನು? ದೋಣಿ ನಡೆಸಿದ ಚೌಡಯ್ಯನ ಮಾತನ್ನು, ಹಗ್ಗ ಹೊಸೆದ ಚಂದಯ್ಯನ ಮಾತನ್ನು, ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದ ದಂಪತಿಗಳ ಮಾತನ್ನು. ಒಂದು ದಿನ ಮಾರಯ್ಯ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಒಲೆಗೇರಿಸಲಿಲ್ಲ. ತಂದಲ್ಲಿಯೇ ಚೆಲ್ಲಿ ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಇಷ್ಟು ಸಾಕು, ಇದಕ್ಕಿಂತ ಮೇಲಿನದು ಆಸೆ ಎಂದು ಗೆರೆ ಎಳೆಯಬಲ್ಲ ಆಕೆಯ ವಿವೇಕವನ್ನು ಯಾವ ಪಾಠಶಾಲೆ ಕಲಿಸಿತ್ತು? ಮುಂಬಯಿಯ ಪದವೀಧರರೊಬ್ಬರು ಅಕ್ಕಿ ಆಯುವ ಹೆಣ್ಣುಮಗಳ ಮುಂದೆ ಶಿಷ್ಯರಾಗಿ ಕುಳಿತರು. ನನ್ನ ಮಟ್ಟಿಗೆ ಅವರ ವಿದ್ಯೆ ಪೂರ್ಣವಾದದ್ದು ಪದವಿ ಪಡೆದ ದಿನವಲ್ಲ, ಹೀಗೆ ಕುಳಿತ ದಿನ.

ಅಂದಮಾತ್ರಕ್ಕೆ ಶಾಲೆಯ ಓದನ್ನು ಅವರು ಕೀಳಾಗಿ ಕಂಡವರಲ್ಲ. ವಿಜಾಪುರದ ಬಿ.ಎಲ್.ಡಿ.ಇ. ಸಂಸ್ಥೆ 1910ರಲ್ಲಿ ಕಣ್ದೆರೆದದ್ದು ಅವರ ಪರಿಶ್ರಮದಿಂದ. 1912ರ ಸಿದ್ಧೇಶ್ವರ ಬ್ಯಾಂಕಿನ ಹಿಂದೆಯೂ ಅವರಿದ್ದರು. ಹಳ್ಳಿಯ ಹುಡುಗನಿಗೆ ಅಕ್ಷರ ಬೇಕು, ರೈತನಿಗೆ ಸಾಲದ ಆಸರೆ ಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕರ್ನಾಟಕ ವಿಶ್ವವಿದ್ಯಾಲಯ 1956ರಲ್ಲಿ ಗೌರವ ಡಾಕ್ಟರೇಟ್ ನೀಡಿತು. 1964ರಲ್ಲಿ ಅವರು ಲಿಂಗೈಕ್ಯರಾದರು.

ಅವರು ಬಿಚ್ಚಿದ ಕಟ್ಟುಗಳ ದಾರಿಯಲ್ಲಿ ಮುಂದೆ ಅನೇಕ ವಿದ್ವಾಂಸರು ನಡೆದರು. 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ನಮ್ಮ ಕಡೆಯ ಒಂದು ಊರಿನ ವಾಚನಾಲಯದಲ್ಲಿ ಆ ಸಂಪುಟಗಳನ್ನು ಕಂಡು ನನಗೆ ಹಿಗ್ಗಾಯಿತು. ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿ, ಮೇಲೆ ಬಸವಣ್ಣನವರ ಭಾವಚಿತ್ರವಿಟ್ಟು ಹೂಮಾಲೆ ಹಾಕಿದ್ದರು. ಒಂದನ್ನು ತೆಗೆದುಕೊಡಿರೆಂದು ಕೇಳಿದೆ. ಕಪಾಟಿಗೆ ಕೀಲಿ ಹಾಕಿತ್ತು. ಕೀಲಿಕೈ ಯಾರಲ್ಲಿದೆಯೆಂದು ಅಲ್ಲಿದ್ದವರು ಒಬ್ಬರನ್ನೊಬ್ಬರು ಕೇಳತೊಡಗಿದರು.