ಜಠರದ ತಾಳ: ಕಾಹಾಲ್ ಕೋಶಗಳಿಂದ ಕ್ಯಾಲ್ಸಿಯಂವರೆಗೆ

ಮನುಷ್ಯನ ಜಠರದ ಗೋಡೆಯಲ್ಲಿ ನಿಮಿಷಕ್ಕೆ ಸುಮಾರು 3 ಬಾರಿ, ಸಣ್ಣ ಕರುಳಿನ ಆರಂಭದಲ್ಲಿ ಸುಮಾರು 12 ಬಾರಿ ವಿದ್ಯುತ್ ಅಲೆಯೊಂದು ಹಾಯುತ್ತದೆ. ಊಟವಿರಲಿ, ಉಪವಾಸವಿರಲಿ, ಅಲೆ ನಿಲ್ಲುವುದಿಲ್ಲ. ಇದರ ಮೂಲವನ್ನು ಹುಡುಕಿದವರ ಇತಿಹಾಸ ಎರಡು ಹಾದಿಗಳದು. ಅವು ಕೂಡಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಮೊದಲ ಹಾದಿ ಕ್ಯಾಲ್ಸಿಯಂನದು. ಲಂಡನ್ನಿನ ಸಿಡ್ನಿ ರಿಂಗರ್, ಕಪ್ಪೆಯ ಹೃದಯ ಬಡಿಯುತ್ತಿರಲು ಲವಣದ ನೀರಿನಲ್ಲಿ ಕ್ಯಾಲ್ಸಿಯಂ ಇರಲೇಬೇಕೆಂದು 1883ರಲ್ಲಿ ತೋರಿಸಿದ. ಬಟ್ಟಿ ಇಳಿಸಿದ ನೀರಿನ ಬದಲು ನಲ್ಲಿ ನೀರು ಬಳಕೆಯಾಗಿದ್ದರಿಂದ ಹೊಳೆದ ಸತ್ಯ ಅದು. ಮುಂದೆ ಕ್ಯಾಲ್ಸಿಯಂ ಸಂಶೋಧನೆ ಬಹುಕಾಲ ಹೃದಯಕ್ಕೂ ಅಸ್ಥಿಗೆ ಅಂಟಿದ ಸ್ನಾಯುಗಳಿಗೂ ಒಲಿಯಿತು. ಕರುಳನ್ನು ವಿಚಾರಿಸಿದವರು ಕಡಿಮೆ.

ಎರಡನೆಯದು ಕರುಳಿನದು. ಬೇಲಿಸ್ ಮತ್ತು ಸ್ಟಾರ್ಲಿಂಗ್ 1899ರಲ್ಲಿ ನಾಯಿಯ ಕರುಳಿನ ನರಗಳನ್ನು ಔಷಧದಿಂದ ಮಂಕಾಗಿಸಿದರೂ ಲಯಬದ್ಧ ಕುಗ್ಗುವಿಕೆ ಉಳಿಯುವುದನ್ನು ಕಂಡು, ಲಯ ಸ್ನಾಯುವಿನದೇ ಎಂದರು. ಅದಕ್ಕೂ ಮೊದಲೇ ಸ್ಪೇನಿನ ಕಾಹಾಲ್, ಕರುಳಿನ ಗೋಡೆಯಲ್ಲಿ ಬಲೆಯಂತೆ ಹೆಣೆದ ಕೋಶಗಳನ್ನು ಗುರುತಿಸಿ ಅವನ್ನು ನರಕೋಶಗಳೆಂದು ಬಗೆದಿದ್ದ. ಅವು ನರಕೋಶಗಳಲ್ಲ. ಆದರೂ ಅವನ್ನು ಮುಖ್ಯವೆಂದು ಎಣಿಸಿದ ಅವನ ಕಣ್ಣು ತಪ್ಪಿರಲಿಲ್ಲ.

1982ರಲ್ಲಿ ಡೆನ್ಮಾರ್ಕಿನ ಲಾರ್ಸ್ ಥೂನೆಬರ್ಗ್ ಈ ಕೋಶಗಳೇ ಲಯ ಹುಟ್ಟಿಸುವ ಪೇಸ್‌ಮೇಕರ್ ಎಂದಾಗ, ಅವನ ಕೈಯಲ್ಲಿದ್ದದ್ದು ಮುಖ್ಯವಾಗಿ ಸೂಕ್ಷ್ಮದರ್ಶಕದ ಚಿತ್ರಗಳು. ಗಟ್ಟಿ ಪುರಾವೆ ಅನಿರೀಕ್ಷಿತ ದಿಕ್ಕಿನಿಂದ ಬಂತು. 1992ರಲ್ಲಿ ಜಪಾನಿನ ತಂಡವೊಂದು ಎಳೆಯ ಇಲಿಮರಿಗಳಲ್ಲಿ ಕಿಟ್ ಎಂಬ ಪ್ರೋಟೀನನ್ನು ಪ್ರತಿಕಾಯದಿಂದ ತಡೆದಾಗ ಕರುಳು ಚಲನೆಯನ್ನೇ ಕಳೆದುಕೊಂಡಿತು. ಆ ಪ್ರೋಟೀನಿಲ್ಲದೆ ಕಾಹಾಲ್ ಕೋಶಗಳು ಬೆಳೆಯುವುದಿಲ್ಲ ಎಂಬುದು ಕೆಲವೇ ವರ್ಷಗಳಲ್ಲಿ ಸ್ಪಷ್ಟವಾಯಿತು.

ಹಾದಿಗಳೆರಡೂ ಕೂಡಿದ್ದು 2000ದಲ್ಲಿ ಎಂದು ನನ್ನ ಅಭಿಪ್ರಾಯ. ಕೋಶದೊಳಗಿನ ಸಂಗ್ರಹದಿಂದ ಕ್ಯಾಲ್ಸಿಯಂ ಬಿಡಿಸುವ ದೂತ ಐಪಿ3 ಎಂಬುದು 1983ರಲ್ಲೇ ತಿಳಿದಿತ್ತು. ಅದರ ಗ್ರಾಹಕವೊಂದಿಲ್ಲದ ಇಲಿಗಳ ಜಠರವನ್ನು ಸುಜುಕಿ ಮತ್ತು ಸಂಗಡಿಗರು ಪರೀಕ್ಷಿಸಿದರು. ಕಾಹಾಲ್ ಕೋಶಗಳು ಸ್ವಸ್ಥಾನದಲ್ಲಿದ್ದವು, ಅಲೆ ಮಾತ್ರ ಇರಲಿಲ್ಲ. ಕೋಶವಿದ್ದರೆ ಸಾಲದು, ಅದರೊಳಗೆ ಕ್ಯಾಲ್ಸಿಯಂ ಚಿಮ್ಮಬೇಕು. ಚಿಮ್ಮಿದ ಕ್ಯಾಲ್ಸಿಯಂ ಆನೋ1 ಎಂಬ ಕ್ಲೋರೈಡ್ ನಾಳವನ್ನು ತೆರೆದು ವಿದ್ಯುತ್ ಅಲೆ ಎಬ್ಬಿಸುತ್ತದೆ. ಈ ನಾಳವಿಲ್ಲದ ಇಲಿಗಳಲ್ಲೂ ಅಲೆ ಕಾಣದೆಂದು 2009ರಲ್ಲಿ ವರದಿಯಾಯಿತು. ಅಲೆ ಪಕ್ಕದ ನಯಸ್ನಾಯುವನ್ನು ಮುಟ್ಟಿದಾಗ ಅಲ್ಲಿ ಹೊರಗಿನಿಂದ ಮತ್ತೊಮ್ಮೆ ಕ್ಯಾಲ್ಸಿಯಂ ನುಗ್ಗಿ, ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನಿನ ಜೊತೆ ಸೇರಿ, ಸ್ನಾಯುವನ್ನು ಕುಗ್ಗಿಸುವ ಮಯೋಸಿನ್ ಎಳೆತವನ್ನು ಆರಂಭಿಸುತ್ತದೆ. ಒಂದು ಕೋಶದಲ್ಲಿ ಸಂಕೇತ, ಇನ್ನೊಂದರಲ್ಲಿ ಬಲ: ಬೇಲಿಸ್-ಸ್ಟಾರ್ಲಿಂಗ್ ಸ್ನಾಯುವಿಗೆ ಕಟ್ಟಿಕೊಟ್ಟ ಪೂರ್ಣ ಶ್ರೇಯ ಅರ್ಧಕ್ಕಿಳಿಯಿತು.

ಇದು ಪ್ರಯೋಗಾಲಯದ ಮಾತಷ್ಟೇ ಅಲ್ಲ: ಮಧುಮೇಹಿಗಳಲ್ಲಿ ಜಠರ ಬರಿದಾಗಲು ತಡವಾಗುವ ತೊಂದರೆಯಿದ್ದಾಗ, ತೆಗೆದ ಜಠರದ ಅಂಗಾಂಶದಲ್ಲಿ ಕಾಹಾಲ್ ಕೋಶಗಳು ಹಲವು ಬಾರಿ ಕಡಿಮೆಯಾಗಿರುತ್ತವೆ.