ಕಮಿಷನ್ ವಾಪಸಾತಿ (ಜೀವವಿಮೆ)
ಪಾಲಿಸಿ ರದ್ದಾದಾಗ, ಏಜೆಂಟರಿಗೆ ಅದಾಗಲೇ ಕೊಟ್ಟ ಕಮಿಷನ್ನನ್ನು ವಿಮಾ ಕಂಪನಿ ಮರಳಿ ಪಡೆಯುವ ಕ್ರಮ. ಸಾಮಾನ್ಯವಾಗಿ ಮುಂದಿನ ತಿಂಗಳ ಬಿಲ್ಲಿನಲ್ಲೇ ಮುರಿದುಕೊಳ್ಳಲಾಗುತ್ತದೆ. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಗ್ರಾಹಕರು ಅದನ್ನು ಹಿಂದಿರುಗಿಸಬಹುದು; ರದ್ದಾಗಲು ಇದು ಒಂದು ಕಾರಣ. ಪ್ರೀಮಿಯಂ ಚೆಕ್ ವಾಪಸಾಗುವುದು ಇನ್ನೊಂದು ಕಾರಣ. ಈ ಎರಡರಲ್ಲಿ ತಕರಾರು ಕಡಿಮೆ. 2024ರ ಅಕ್ಟೋಬರ್‌ನಿಂದ ಸರೆಂಡರ್ ಮೌಲ್ಯದ ನಿಯಮ ಬದಲಾಗಿ, ಬೇಗ ಸರೆಂಡರ್ ಆದ ಪಾಲಿಸಿಗಳ ಕಮಿಷನ್ನಿಗೂ ಕೈಹಾಕುವ ಷರತ್ತುಗಳು ಬಂದಾಗ ಏಜೆಂಟರು ಪ್ರತಿಭಟಿಸಿದರು.

ಜಗಳ ಹುಟ್ಟುವುದು ಹೆಚ್ಚಾಗಿ ಲೆಕ್ಕದಲ್ಲಿ. 40,000 ರೂಪಾಯಿ ಪ್ರೀಮಿಯಂಗೆ ಶೇ. 25ರಂತೆ 10,000 ಕಮಿಷನ್ ಎನ್ನಿ, ಶೇ. 2 ಟಿಡಿಎಸ್ ಕಳೆದು ಕೈಗೆ ಬಂದದ್ದು 9,800. ವಾಪಸಾತಿಯಲ್ಲಿ ಮುರಿಯುವುದು ಪೂರ್ತಿ 10,000 ಆದರೆ, ಉಳಿದ 200 ರೂಪಾಯಿಯನ್ನು ಆದಾಯ ತೆರಿಗೆ ವಿವರದಲ್ಲಿ ಹುಡುಕಿಕೊಳ್ಳಬೇಕು.

ಏಜೆಂಟ್ ನೌಕರನಲ್ಲ, ಹಕ್ಕು ನಿಂತಿರುವುದು ನೇಮಕಾತಿ ಕರಾರಿನ ಮೇಲೆ. ಆದ್ದರಿಂದ ಪಾಲಿಸಿ ಸಂಖ್ಯೆ, ರದ್ದಾದ ದಿನಾಂಕ, ಕಮಿಷನ್ ಬಿಲ್ಲುಗಳೊಂದಿಗೆ ಶಾಖೆಗೆ ಲಿಖಿತ ಮನವಿ ಕೊಡುವುದು ಮೊದಲ ಹೆಜ್ಜೆ. ಬಾಯಿಮಾತಿನ ಭರವಸೆ ಇಲ್ಲಿ ನಿಲ್ಲದು. ವಿಮಾ ಓಂಬುಡ್ಸ್‌ಮನ್ ಇರುವುದು ಪಾಲಿಸಿದಾರರ ದೂರುಗಳಿಗೆ. ಏಜೆಂಟರ ಕಮಿಷನ್ ತಗಾದೆ ಅಲ್ಲಿಗೆ ಸಲ್ಲದು. ಗ್ರಾಹಕರಿಗೆ ಕಮಿಷನ್ನಿನಲ್ಲಿ ಪಾಲು ಕೊಟ್ಟವರ ಪಾಡು ಇನ್ನೂ ಕಷ್ಟ: 1938ರ ವಿಮಾ ಕಾಯ್ದೆಯ 41ನೇ ಸೆಕ್ಷನ್ ಅದನ್ನೇ ನಿಷೇಧಿಸಿರುವುದರಿಂದ ಆ ನಷ್ಟವನ್ನು ಬಾಯಿಬಿಟ್ಟು ಹೇಳುವಂತೆಯೂ ಇಲ್ಲ.